ಎರಡೂವರೆ ಅಡಿ ಪಾಯ

ಅಜ್ಜಂಪುರ ಸ್ಟೇಷನ್ನಿಗೆ ನಾನು ಬುಕಿಂಗ್ ಕ್ಲರ್ಕ್ ಆಗಿ ಬಂದದ್ದು 1975ರ ಜೂನ್ ತಿಂಗಳಲ್ಲಿ. ಈಶ್ವರಮ್ಮನನ್ನು ಮೊದಲು ನೋಡಿದ್ದೂ ಅದೇ ದಿನ. ಬೆಳಗಿನ ಪ್ಯಾಸೆಂಜರ್ ಗಾಡಿ ನಿಂತಿತ್ತು. ನಲವತ್ತು ದಾಟಿದ ಹೆಂಗಸೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಉದ್ದ ಹಿಡಿಯ ಹಿತ್ತಾಳೆ ಸೌಟು ಹಿಡಿದು ಕಿಟಕಿಯಿಂದ ಕಿಟಕಿಗೆ ಹೋಗುತ್ತಿದ್ದಳು. ಒಬ್ಬ ಯಜಮಾನರು ಲೋಟ ಚಾಚುವ ಮೊದಲು, ನೀನು ಯಾವ ಜನ ಎಂದು ಕೇಳಿದರು. ಆಕೆ ಮುಖ ಗಂಟಿಕ್ಕಲಿಲ್ಲ. ಸುಮ್ಮನೆ ಮುಂದಿನ ಕಿಟಕಿಗೆ ಹೋದಳು. ಗಾಡಿ ಹೊರಡುವ ಹೊತ್ತಿಗೆ ಅದೇ ಯಜಮಾನರು ಕೈ ಹೊರಗೆ ಹಾಕಿ ಕರೆಯುತ್ತಿದ್ದರು. ಆಕೆ ತಿರುಗಿ ಬಂದು ಲೋಟದ ತುಂಬ ನೀರು ಸುರಿದಳು.

ಆಕೆಯ ಗಂಡ ಸಣ್ಣಬೀರಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮ್ಯಾನ್ ಆಗಿದ್ದವನು. 1970ರಲ್ಲಿ ಪಕ್ಕದ ಶಿವನಿ ಸ್ಟೇಷನ್ನಿನ ಹತ್ತಿರ ವ್ಯಾಗನ್ನಿನಿಂದ ಹಳಿ ಇಳಿಸುವಾಗ ಒಂದು ಹಳಿ ಜಾರಿ ಎದೆಗೆ ಬಡಿದು ಸತ್ತ. ಮಕ್ಕಳಿರಲಿಲ್ಲ. ಇಲಾಖೆಯವರು ಪರಿಹಾರವೆಂದು ಏಳು ಸಾವಿರ ರೂಪಾಯಿ ಕೊಟ್ಟು, ಹೆಂಡತಿಗೆ ಸ್ಟೇಷನ್ನಿನಲ್ಲಿ ನೀರು ಕೊಡುವ ಕೆಲಸವನ್ನೂ ಕೊಟ್ಟರು. ಆ ಏಳು ಸಾವಿರವನ್ನು ಆಕೆ ಪೋಸ್ಟಾಫೀಸಿನಲ್ಲಿಟ್ಟು ಎಂಟು ವರ್ಷ ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಅತ್ತೆ ಕಲ್ಲಮ್ಮ ಸೊಸೆಯ ಜೊತೆಗೇ ರೈಲ್ವೆ ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿದ್ದಳು. ಆ ಮುದುಕಿಗೆ ಕಣ್ಣು ಮಂದ, ನಾಲಿಗೆ ಚುರುಕು.

ಮನೆ ಕೊಳ್ಳಬೇಕೆಂಬ ಯೋಚನೆ ಕಲ್ಲಮ್ಮನದು. ಸೊಸೆ ರಿಟೈರಾದ ದಿನ ಇಲಾಖೆಯವರು ಬೀಗ ಕೇಳುತ್ತಾರೆ, ಆಮೇಲೆ ಇಬ್ಬರು ಹೆಂಗಸರು ಯಾರ ಜಗಲಿಯಲ್ಲಿ ಕೂರಬೇಕು ಎಂಬುದು ಆಕೆಯ ಪ್ರಶ್ನೆ. ಅದಕ್ಕೆ ಸರಿಯಾಗಿ 1978ರಲ್ಲಿ ತರೀಕೆರೆಯ ಕಂಟ್ರಾಕ್ಟರ್ ಜಯದೇವಪ್ಪ ಸ್ಟೇಷನ್ ರಸ್ತೆಯ ಹಿಂದಿನ ಈರುಳ್ಳಿ ಹೊಲವೊಂದನ್ನು ಕೊಂಡು, ಸೈಟು ಮಾಡಿ, ಸಾಲಾಗಿ ಆರು ಮನೆ ಕಟ್ಟಿಸಿ ಮಾರುವುದಾಗಿ ಹೇಳಿಕೊಂಡು ಓಡಾಡುತ್ತಿದ್ದ. ಎನ್‌ಫೀಲ್ಡ್ ಮೋಟರ್‌ಸೈಕಲ್ಲು, ಗರಿಗರಿ ಬಿಳಿ ಶರಟು. ಯಾರ ಹತ್ತಿರವಾದರೂ ಮೊದಲು ಮನೆಮಂದಿಯ ಆರೋಗ್ಯ ವಿಚಾರಿಸಿಯೇ ವ್ಯವಹಾರ ಎತ್ತುತ್ತಿದ್ದ. ಎರಡು ಕೋಣೆ, ಅಡಿಗೆಮನೆ, ಮಂಗಳೂರು ಹೆಂಚು, ಮೂರು ಅಡಿ ಪಾಯ, ಎಲ್ಲ ಸೇರಿ ಹದಿನಾಲ್ಕು ಸಾವಿರದ ಐನೂರು ರೂಪಾಯಿ ಎಂದು ಕರಾರಾಯಿತು. ಎಂಟು ವರ್ಷದ ಬಡ್ಡಿ ಸೇರಿ ಹನ್ನೊಂದೂವರೆ ಸಾವಿರವಾಗಿದ್ದ ಪೋಸ್ಟಾಫೀಸಿನ ದುಡ್ಡನ್ನು ಈಶ್ವರಮ್ಮ ಬಿಡಿಸಿಕೊಂಡಳು. ಸಾಲದ್ದಕ್ಕೆ ಪ್ರಾವಿಡೆಂಟ್ ಫಂಡಿನಿಂದ ಮೂರು ಸಾವಿರ ಮುಂಗಡ ತೆಗೆದಳು. ಆ ಅರ್ಜಿ ಬರೆದುಕೊಟ್ಟವನು ನಾನೇ.

ಗೋಡೆ ಎದ್ದ ಮೇಲೆ ಆಕೆ ಎರಡು ಕೆಲಸ ಹೆಚ್ಚಿಗೆ ಕೇಳಿದಳು. ಅಡಿಗೆಮನೆಯ ಮೇಲೆ ಒಂದು ಅಟ್ಟ, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು. ಅದೇನು ಮಹಾ, ಮಾಡಿಸಿಕೊಡುತ್ತೇನೆ ಎಂದ ಜಯದೇವಪ್ಪ. ಬೆಲೆಯ ಮಾತು ಆಗಲಿಲ್ಲ.

ನವೆಂಬರಿನ ಒಂದು ಗುರುವಾರ ತರೀಕೆರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ರಿಜಿಸ್ಟರ್ ಆಯಿತು. ಉಳಿದಿದ್ದ ಐದು ಸಾವಿರವನ್ನು ಈಶ್ವರಮ್ಮ ಅಲ್ಲೇ ಎಣಿಸಿ ಕೊಟ್ಟಳು. ಪೂರ್ತಿ ಹಣ ಸಂದಿದೆ ಎಂದು ಪತ್ರದಲ್ಲಿ ಬರೆಸಿದ್ದೂ ಆಯಿತು. ರಿಜಿಸ್ಟರ್ ಆದ ಪತ್ರ ಕೈಗೆ ಬರಲು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕಚೇರಿಯವರು ಒಂದು ರಸೀತಿ ಕೊಡುತ್ತಾರೆ. ಆ ರಸೀತಿ ತೋರಿಸಿದವರಿಗೆ ಪತ್ರ. ಜಯದೇವಪ್ಪ, ನಾನು ವಾರಕ್ಕೆರಡು ಸಲ ಇಲ್ಲಿಗೆ ಬರುತ್ತಿರುತ್ತೇನೆ, ನೀನು ಅಷ್ಟು ದೂರದಿಂದ ಯಾಕೆ ಅಲೆಯುತ್ತೀಯ, ಇದರ ಹಿಂದೆ ಒಂದು ರುಜು ಹಾಕಿ ಕೊಡು ಎಂದ. ಸಂಜೆಯ ಬಸ್ಸು ಹೊರಡುವುದರಲ್ಲಿತ್ತು. ಆಕೆ ರುಜು ಹಾಕಿ ಕೊಟ್ಟು ಬಸ್ಸು ಹತ್ತಿದಳು.

ಡಿಸೆಂಬರಿನಲ್ಲಿ ಹಾಲುಕ್ಕಿಸಿ ಹೊಸ ಮನೆಗೆ ಬಂದರು. ಅಂದು ಕಲ್ಲಮ್ಮ ಗೋಡೆ ಹಿಡಿದುಕೊಂಡು ಎರಡೂ ಕೋಣೆಗಳನ್ನು ಎರಡೆರಡು ಸಲ ಸುತ್ತಿದಳು. ನನಗೆ ಪಾಯಸದ ಲೋಟ ಕೊಡುತ್ತಾ, ಇನ್ನು ಮೊಳೆ ಹೊಡೆಯುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ ಎಂದಳು.

ಎರಡು ತಿಂಗಳು ಕಳೆಯಿತು. ಫೆಬ್ರುವರಿಯಲ್ಲಿ ಜಯದೇವಪ್ಪ ಒಂದು ಪಟ್ಟಿ ಹಿಡಿದುಕೊಂಡು ಬಂದ. ಎರೆಮಣ್ಣಿನ ನೆಲವಾದ್ದರಿಂದ ಪಾಯವನ್ನು ಮೂರು ಅಡಿಗೆ ಬದಲು ಐದು ಅಡಿ ಹಾಕಿಸಬೇಕಾಯಿತು, ಅದರ ಕಲ್ಲು ಮತ್ತು ಕೂಲಿ, ಸಿಮೆಂಟಿನ ಬೆಲೆ ಏರಿದ್ದು, ಅಟ್ಟ, ಒಗೆಯುವ ಕಲ್ಲು. ಒಟ್ಟು ಎರಡು ಸಾವಿರದ ಮುನ್ನೂರ ಅರವತ್ತು ರೂಪಾಯಿ. ಕ್ರಯಪತ್ರ ತನ್ನ ಹತ್ತಿರ ಭದ್ರವಾಗಿದೆ, ಈ ಬಾಕಿ ತೀರಿದ ದಿನ ತಂದುಕೊಡುತ್ತೇನೆ ಎಂದು ನಗುತ್ತಲೇ ಹೇಳಿ ಹೋದ. ಸಾಲಿನ ಬೇರೆ ಮನೆಗಳಿಗೂ ಇಂಥದೇ ಪಟ್ಟಿಗಳು ಹೋಗಿದ್ದವು. ಪಕ್ಕದ ಮನೆಯ ಈರುಳ್ಳಿ ಮಂಡಿ ಗುಮಾಸ್ತರು ಚೌಕಾಸಿ ಮಾಡಿ ಸಾವಿರದ ಐನೂರಕ್ಕೆ ತೀರಿಸಿಕೊಂಡಿದ್ದರು.

ಅದೇ ವಾರ ಮೈಸೂರಿನ ಡಿವಿಜನ್ ಆಫೀಸಿನಿಂದ ಕಾಗದ ಬಂತು. ಮನೆಗೆಂದು ತೆಗೆದ ಪ್ರಾವಿಡೆಂಟ್ ಫಂಡ್ ಮುಂಗಡಕ್ಕೆ ಆರು ತಿಂಗಳೊಳಗೆ ರಿಜಿಸ್ಟರ್ ಆದ ಪತ್ರ ತೋರಿಸಬೇಕು. ಇಲ್ಲದಿದ್ದರೆ ಇಡೀ ಮೊತ್ತವನ್ನು ಸಂಬಳದಲ್ಲಿ ಮುರಿದುಕೊಳ್ಳಲಾಗುವುದು. ಆಕೆಯ ಸಂಬಳ ತಿಂಗಳಿಗೆ ಮುನ್ನೂರ ಚಿಲ್ಲರೆ. ನಾನು ಆ ಕಾಗದವನ್ನು ಎರಡು ಸಲ ಓದಿ ಅರ್ಥ ಹೇಳಿದೆ. ಮೇ ತಿಂಗಳ ಮೊದಲ ವಾರಕ್ಕೆ ಗಡುವು.

ನಾನು ಕೊಟ್ಟ ಸಲಹೆಯನ್ನೂ ಇಲ್ಲಿ ಹೇಳಿಬಿಡಬೇಕು. ಪಕ್ಕದ ಮನೆಯವರ ಹಾಗೆ ಸಾವಿರದ ಐನೂರಕ್ಕೆ ಒಪ್ಪಿಸಿ ಪತ್ರ ಬಿಡಿಸಿಕೊಳ್ಳಿ, ಐನೂರು ಬೇಕಾದರೆ ನಾನು ಕೈಗಡ ಕೊಡುತ್ತೇನೆ ಎಂದೆ. ಬುದ್ಧಿವಂತಿಕೆಯ ಮಾತೆಂದೇ ನಾನು ತಿಳಿದಿದ್ದೆ.

ಈಶ್ವರಮ್ಮ ಬಕೆಟ್ಟು ಕೆಳಗಿಟ್ಟು ಹೇಳಿದಳು: "ಅಟ್ಟ ಕೇಳಿದ್ದು ನಾನೇ, ಕಲ್ಲು ಹಾಕ್ಸಿ ಅಂದದ್ದೂ ನಾನೇ. ಅದಕ್ಕೆಷ್ಟು ಅಂತ ಗೊತ್ತಾದ್ರೆ ಇವತ್ತೇ ಕೊಡ್ತೀನಿ ಸ್ವಾಮಿ. ಪತ್ರ ಇಟ್ಕೊಂಡು ಹೆದರಿಸ್ತಾನೆ ಅಂತ ಮಾತ್ರ ಒಂದು ಪಾವಲೀನೂ ಕೊಡಲ್ಲ."

ಆಕೆಯ ವಾರದ ರಜೆ ಗುರುವಾರ. ಆ ಗುರುವಾರವೇ ತರೀಕೆರೆಗೆ ಹೋದಳು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ, ರಸೀತಿಯ ಹಿಂದೆ ನಿನ್ನದೇ ರುಜು ಇದೆ, ಅವರಿಗೆ ಪತ್ರ ಕೊಟ್ಟಾಗಿದೆ, ನಮ್ಮದೇನೂ ಇಲ್ಲ ಎಂದರು. ಮುಂದಿನ ಗುರುವಾರ ಮತ್ತೆ ಹೋದಳು. ಆ ದಿನ ಸಾಹೇಬರು ಇರಲಿಲ್ಲ. ಮೂರನೆಯ ಗುರುವಾರ ಕಚೇರಿಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂರುವ ಪತ್ರ ಬರೆಯುವ ಶಿವಮೂರ್ತಪ್ಪ ತಾನಾಗಿಯೇ ಆಕೆಯನ್ನು ಕರೆದ. ಆಕೆಯ ಕ್ರಯಪತ್ರ ಬರೆದವನು ಅವನೇ. ಏನು ವಿಷಯವೆಂದು ಕೇಳಿ ತಿಳಿದು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಅಸಲು ಅವನ ಹತ್ರ ಇದ್ರೆ ಇರಲಿ ಬಿಡಮ್ಮ. ಇಲ್ಲಿ ಪುಸ್ತಕದಲ್ಲಿ ಅದರ ಪ್ರತಿ ಅಕ್ಷರ ಅದೆ. ಅರ್ಜಿ ಹಾಕಿ ಫೀಸು ಕಟ್ಟಿದ್ರೆ ಮೊಹರು ಒತ್ತಿ ನಕಲು ಕೊಡ್ತಾರೆ. ಸರ್ಕಾರದವರು ಅದನ್ನ ಒಪ್ಕೋಬೇಕು."

ಅರ್ಜಿಯನ್ನು ಅವನೇ ಬರೆದ, ಬರೆದದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಐದನೆಯ ಗುರುವಾರ ನಕಲು ಕೈಗೆ ಬಂತು. ಮರುದಿನವೇ ನಾನು ಅದನ್ನು ಮೈಸೂರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಹದಿನೈದು ದಿನಕ್ಕೆ ಸರಿ ಎಂದು ಉತ್ತರ ಬಂತು. ಪಂಚಾಯ್ತಿಯವರೂ ಆ ನಕಲಿನ ಮೇಲೆಯೇ ಮನೆಯ ಖಾತೆಯನ್ನು ಆಕೆಯ ಹೆಸರಿಗೆ ಮಾಡಿಕೊಟ್ಟರು.

ತನ್ನ ಕೈಯಲ್ಲಿದ್ದ ಹಿಡಿತ ಜಾರಿತೆಂದು ಗೊತ್ತಾದಾಗ ಜಯದೇವಪ್ಪ ನಗುವುದನ್ನು ಬಿಟ್ಟ. ಏಪ್ರಿಲ್ ಕೊನೆಯಲ್ಲಿ ವಕೀಲರ ನೋಟೀಸು ಬಂತು. ಬಾಯಿಮಾತಿನ ಒಪ್ಪಂದದ ಪ್ರಕಾರ ಹೆಚ್ಚುವರಿ ಕೆಲಸದ ಎರಡು ಸಾವಿರದ ಮುನ್ನೂರ ಅರವತ್ತು ರೂಪಾಯಿಯನ್ನು ಬಡ್ಡಿ ಸಮೇತ ಹದಿನೈದು ದಿನದಲ್ಲಿ ಕಟ್ಟಬೇಕು, ತಪ್ಪಿದರೆ ದಾವಾ.

ಆ ಬೇಸಿಗೆ ಬಿಸಿಲು ಜೋರು. ಅಜ್ಜಂಪುರದ ಸುತ್ತ ಎರೆನೆಲ ಕೈ ತೂರುವಷ್ಟು ಅಗಲಕ್ಕೆ ಬಿರುಕು ಬಿಟ್ಟಿತ್ತು. ಒಂದು ದಿನ ಈಶ್ವರಮ್ಮ ಕೆಲಸ ಮುಗಿಸಿ ಮನೆಗೆ ಹೋದಾಗ ಕಲ್ಲಮ್ಮ ಅಡಿಗೆಮನೆಯ ಗೋಡೆಯ ಪಕ್ಕ ನಿಂತಿದ್ದಳಂತೆ. ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ ಓರೆಯಾಗಿ ಸೀಳು. ಮುದುಕಿ ಅದರಲ್ಲಿ ಕಿರುಬೆರಳು ಇಟ್ಟುಕೊಂಡು, "ನೋಡೇ ಈಶ್ವರಿ, ಬೆರಳು ಹೋಗ್ತದೆ" ಎಂದಳು. ಒಂದು ವಾರಕ್ಕೆ ಮುಂದಿನ ಕೋಣೆಯ ಗೋಡೆಯೂ ಸೀಳಿತು.

ಮರುದಿನ ಬೆಳಿಗ್ಗೆ ಗಾಡಿ ಹೋದ ಮೇಲೆ ಆಕೆ ಬುಕಿಂಗ್ ಕಿಟಕಿಯ ಹತ್ತಿರ ಬಂದು ನಿಂತಳು. ಶಿವನಿಯ ಹತ್ತಿರ ಎರೆಯಲ್ಲಿ ರೈಲು ಲೈನು ಕುಸಿಯುತ್ತಿದ್ದಾಗ ತನ್ನ ಯಜಮಾನರ ಗ್ಯಾಂಗಿನವರು ಏನು ಮಾಡುತ್ತಿದ್ದರೆಂದು ವಿವರಿಸಿದಳು. ಬುತ್ತಿ ತೆಗೆದುಕೊಂಡು ಹೋಗುವಾಗ ಕಣ್ಣಾರೆ ಕಂಡದ್ದು. ಕರಿಮಣ್ಣು ಮುಗಿದು ಕೆಳಗಿನ ಗಟ್ಟಿ ಗರಸು ಮಣ್ಣು ಸಿಕ್ಕುವವರೆಗೆ ತೋಡಿ ಜಲ್ಲಿ ತುಂಬುತ್ತಿದ್ದರಂತೆ. ಅಷ್ಟು ಆಳಕ್ಕೆ ಹೋದರೆ ಆಮೇಲೆ ಅದು ಅಲುಗುತ್ತಿರಲಿಲ್ಲವಂತೆ. ನಮ್ಮ ಬೀದಿಯ ಬಾವಿ ತೋಡುವಾಗ ಗರಸು ನಾಲ್ಕೂವರೆ ಅಡಿಗೆ ಸಿಕ್ಕಿತ್ತು ಎಂದಳು. ನಾನು ಹೂಂಗುಟ್ಟಿದೆ.

"ಐದಡಿ ಪಾಯ ನಿಜವಾಗ್ಲೂ ಇದ್ದಿದ್ರೆ ಗೋಡೆ ಸೀಳ್ತಿರಲಿಲ್ಲ ಸ್ವಾಮಿ. ಅಗೆದು ನೋಡ್ತೀನಿ."

ಪಾಯದ ಪಕ್ಕ ಅಗೆದರೆ ಇರುವ ಗೋಡೆಯೂ ಕೂತೀತು ಎಂದು ನಾನು ಹೆದರಿಸಿದೆ. ಮೂರಡಿ ಅಗಲಕ್ಕಿಂತ ಹೆಚ್ಚು ತೋಡುವುದಿಲ್ಲ, ಒಂದೇ ಕಡೆ ತೋಡುತ್ತೇನೆ ಎಂದಳು. ಅಷ್ಟು ಹೊತ್ತಿಗೆ ಲೆಕ್ಕವೆಲ್ಲ ಆಕೆಯ ತಲೆಯಲ್ಲಿ ಆಗಿತ್ತು.

ಮನೆ ಕಟ್ಟಿದ ಮೇಸ್ತ್ರಿ ಲಕ್ಕಣ್ಣನನ್ನು ಮೊದಲು ಕೇಳಿದಳು. ಅವನು ಅಜ್ಜಂಪುರದವನೇ, ಜಯದೇವಪ್ಪನ ಎಲ್ಲ ಕೆಲಸಕ್ಕೂ ಅವನೇ ಮೇಸ್ತ್ರಿ. ಅಕ್ಕಾ, ಈ ವಿಷಯಕ್ಕೆ ನನ್ನನ್ನು ಕರೆಯಬೇಡ, ನಾಲ್ಕು ಜನ ಕೂಲಿಯವರನ್ನು ಕಟ್ಟಿಕೊಂಡಿದ್ದೇನೆ, ಅವನ ಕೆಲಸ ಹೋದರೆ ನನ್ನ ಒಲೆ ಆರುತ್ತದೆ ಎಂದ. ಆಕೆ ಒತ್ತಾಯ ಮಾಡಲಿಲ್ಲ. ಅಟ್ಟಕ್ಕೆ ಮತ್ತು ಕಲ್ಲಿಗೆ ನ್ಯಾಯವಾಗಿ ಎಷ್ಟಾಗುತ್ತದೆ, ಅದನ್ನಾದರೂ ಹೇಳು ಎಂದಳು. ಅವನು ಬೆರಳು ಮಡಚಿ ಲೆಕ್ಕ ಹಾಕಿ, ಮುನ್ನೂರ ಹತ್ತು ಎಂದ.

ಸಣ್ಣಬೀರಪ್ಪನ ಪಿಕಾಸಿ ಮನೆಯಲ್ಲೇ ಇತ್ತು. ಮೂರು ದಿನ, ಬೆಳಗಿನ ಗಾಡಿಗೂ ಮಧ್ಯಾಹ್ನದ ಗಾಡಿಗೂ ನಡುವಿನ ಹೊತ್ತಿನಲ್ಲಿ ಆಕೆ ಅಗೆದಳು. ಒಣಗಿದ ಎರೆ ಕಲ್ಲಿನ ಹಾಗೆ. ಮೊದಲ ದಿನ ಒಂದಡಿಯೂ ಇಳಿಯಲಿಲ್ಲ. ಬಾಂಡಲಿಯಲ್ಲಿ ಮಣ್ಣು ತುಂಬಿ ತಾನೇ ಎತ್ತಿ ಹಾಕುತ್ತಿದ್ದಳು. ಕಲ್ಲಮ್ಮ ಬಾಗಿಲಲ್ಲಿ ಕೂತು, ಎಷ್ಟಾಯ್ತೇ ಎಂದು ಆಗಾಗ ಕೇಳುತ್ತಿದ್ದಳಂತೆ. ಮೂರನೆಯ ದಿನ ನನ್ನನ್ನು ಕರೆಸಿದಳು. ನಾನು ಹೋದಾಗ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅಂಗೈಯಲ್ಲಿ ಬೊಬ್ಬೆ ಒಡೆದು ಬಟ್ಟೆ ಸುತ್ತಿತ್ತು. ಒಳಗೆ ನೋಡಿದೆ. ನೆಲದಿಂದ ಎರಡೂವರೆ ಅಡಿಗೆ ಕಲ್ಲು ಮುಗಿದಿತ್ತು. ಅದರ ಕೆಳಗೆ ಬರೀ ಕರಿಮಣ್ಣು.

ಐದೂ ಇಲ್ಲ, ಕರಾರಿನ ಮೂರೂ ಇಲ್ಲ. ಜಯದೇವಪ್ಪನ ಸುಳ್ಳು ಸಿಕ್ಕಿಬಿತ್ತಲ್ಲ ಎಂದು ನನಗೆ ಖುಷಿಯೇ ಆಯಿತು. ಹಾಗೆಂದೂ ಬಿಟ್ಟೆ. ಆಕೆ ತಲೆ ಎತ್ತಲಿಲ್ಲ.

"ಸಿಕ್ತು ಸ್ವಾಮಿ," ಎಂದಳು. "ಇದರ ಮೇಲೇನೆ ನಾವು ಮಲಗೋದು."

ಗಂಡನ ಜೀವದ ಬೆಲೆಯೆಂದು ಬಂದ ದುಡ್ಡು ಆ ಗೋಡೆಯಲ್ಲಿ ಹೋಗಿತ್ತು. ಅದು ನನಗೆ ತಡವಾಗಿ ಹೊಳೆಯಿತು. ಆಕೆ ಅಳುತ್ತಾಳೇನೋ ಎಂದು ಕಾದೆ. ಅಳಲಿಲ್ಲ. ಎದ್ದು ಕೈತೊಳೆದು, ಗುಂಡಿಯ ಮೇಲೆ ತಗಡು ಮುಚ್ಚಿ ಕಲ್ಲು ಹೇರಿ, ಮಧ್ಯಾಹ್ನದ ಗಾಡಿಗೆ ನೀರು ಕೊಡಲು ಬಂದಳು.

ದಾವಾ ತರೀಕೆರೆಯ ಮುನ್ಸಿಫ್ ಕೋರ್ಟಿನಲ್ಲಿ ದಾಖಲಾಯಿತು. ಶಿವಮೂರ್ತಪ್ಪನೇ ಹೇಳಿ ಕಳಿಸಿದ್ದರಿಂದ ವಕೀಲ ವೆಂಕಟಸುಬ್ಬಯ್ಯನವರು ಕೇಸು ಹಿಡಿದರು. ವಯಸ್ಸಾದವರು, ಮಾತು ಕಡಿಮೆ. ಗುಂಡಿಯ ವಿಷಯ ಕೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಆಕೆಯನ್ನು ಒಂದು ಕ್ಷಣ ನೋಡಿದರು. ಬರೀ ಕೊಡುವುದಿಲ್ಲ ಎಂದು ಹೇಳಿ ಕೇಸು ಗೆದ್ದರೆ ಪಾಯ ಸರಿಯಾಗುವುದಿಲ್ಲ. ದುರಸ್ತಿಯ ಖರ್ಚು ಅವನೇ ಕೊಡಬೇಕೆಂದು ಇದೇ ಕೇಸಿನಲ್ಲಿ ನಾವೂ ಕೇಳಬಹುದು, ಆದರೆ ಅದಕ್ಕೆ ಕೋರ್ಟ್ ಫೀ ಕಟ್ಟಬೇಕು, ವರ್ಷಗಟ್ಟಲೆ ಎಳೆಯುತ್ತದೆ, ಯೋಚನೆ ಮಾಡು ಎಂದರು. ಆಕೆ ಯೋಚನೆ ಮಾಡಿಯೇ ಬಂದಿದ್ದಳು. ಫೀಸಿನ ದುಡ್ಡನ್ನು ಎದುರಿಗಿಟ್ಟು, ಜೊತೆಗೆ ಮುನ್ನೂರ ಹತ್ತು ರೂಪಾಯಿಯನ್ನು ಬೇರೆಯಾಗಿ ಇಟ್ಟಳು. ಅದು ಅಟ್ಟದ್ದು ಮತ್ತು ಒಗೆಯುವ ಕಲ್ಲಿನದು, ಅವನಿಗೆ ಸಲ್ಲಬೇಕಾದ್ದು, ಕೋರ್ಟಿನಲ್ಲಿ ಕಟ್ಟಿಬಿಡಿ ಎಂದಳು. ಯಾರೂ ಕೇಳದೆ ಇರುವಾಗ ಎದುರಾಳಿಯ ದುಡ್ಡನ್ನು ತಾನಾಗಿ ಕಟ್ಟುವ ಕಕ್ಷಿದಾರರನ್ನು ಮೊದಲ ಸಲ ನೋಡಿದೆ ಎಂದು ವೆಂಕಟಸುಬ್ಬಯ್ಯನವರು ಆಮೇಲೆ ನನಗೆ ಹೇಳಿದರು.

ವಾಯಿದೆಯ ಮೇಲೆ ವಾಯಿದೆ ಬಿತ್ತು. ಆಕೆ ರಜೆಯ ದಿನವನ್ನು ಬೇರೆಯವರೊಡನೆ ಅದಲುಬದಲು ಮಾಡಿಕೊಂಡು ಪ್ರತಿ ವಾಯಿದೆಗೂ ಹೋದಳು. ಒಂದನ್ನೂ ತಪ್ಪಿಸಲಿಲ್ಲ. ಊರಿನಲ್ಲಿ ಕೆಲವರು, ನೀರು ಕೊಡುವವಳಿಗೆ ಕೋರ್ಟಿನ ಹುಚ್ಚು ಹಿಡಿದಿದೆ ಎಂದರು. ಅದು ಆಕೆಯ ಕಿವಿಗೂ ಬಿತ್ತು.

1980ರ ಜನವರಿಯಲ್ಲಿ ಜಯದೇವಪ್ಪ ಸ್ಟೇಷನ್ನಿಗೇ ಬಂದ. ನಾನು ಕಿಟಕಿಯ ಒಳಗಿದ್ದೆ. ಅವರಿಬ್ಬರೂ ಹೊರಗೆ ಕಟ್ಟೆಯ ಹತ್ತಿರ ನಿಂತಿದ್ದರು. ಅಷ್ಟು ಹತ್ತಿರದಿಂದ ಅವನನ್ನು ನೋಡಿದಾಗ ಒಂದು ವರ್ಷದಲ್ಲಿ ಸೊರಗಿದ್ದಾನೆ ಅನಿಸಿತು.

"ಇಷ್ಟು ದೂರ ಹೋಗ್ಬೇಕಿತ್ತೇನಮ್ಮ?" ಎಂದ. "ನಾನು ದಾವಾ ವಾಪಸ್ ತಗೋತೀನಿ. ಪತ್ರಾನೂ ಕೊಡ್ತೀನಿ. ನೀನು ಆ ಗುಂಡಿ ಮುಚ್ಚಿಬಿಡು, ಆ ವಿಷಯ ಎತ್ತಬೇಡ."

"ಗುಂಡಿ ಮುಚ್ಚಿದ್ರೆ ಪಾಯ ಕೆಳಕ್ಕಿಳೀತದಾ?"

ಅವನು ತನ್ನ ಕಷ್ಟ ಹೇಳಿಕೊಂಡ. ಮನೆ ಕಟ್ಟಿದ ವರ್ಷ ಸರ್ಕಾರದ ಕಂಟ್ರೋಲ್ ರೇಟಿನಲ್ಲಿ ಸಿಮೆಂಟು ಸಿಕ್ಕದೆ ಕಾಳಸಂತೆಯಲ್ಲಿ ಕೊಂಡಿದ್ದ. ಆರನೆಯ ಮನೆ ಇನ್ನೂ ಮಾರಾಟವಾಗಿರಲಿಲ್ಲ. ಬ್ಯಾಂಕಿನವರು ಬಾಗಿಲಿಗೆ ಬರುತ್ತಿದ್ದರು. ಮೂವರು ಹೆಣ್ಣುಮಕ್ಕಳ ಮದುವೆ ಬಾಕಿ. ಸುಳ್ಳೆಂದು ನನಗೆ ಅನಿಸಲಿಲ್ಲ. ಈಶ್ವರಮ್ಮನೂ ಪೂರ್ತಿ ಕೇಳಿದಳು.

"ನಿಮ್ ಕಷ್ಟ ನಿಮಗಿರಬೋದು ಜಯದೇವಪ್ಪೋರೇ," ಎಂದಳು. "ಆವತ್ತೇ ಬಂದು, ದುಡ್ಡು ಸಾಲ್ದು ಈಶ್ವರಮ್ಮ, ಆಳ ಹೋಗೋಕಾಗಲ್ಲ ಅಂದಿದ್ರೆ, ನಾನೇ ಪಿಕಾಸಿ ಹಿಡ್ಕಂಡು ಗರಸು ಸಿಗೋಗಂಟ ಅಗೀತಿದ್ದೆ. ಹಾಕ್ದೇ ಇರೋ ಕಲ್ಲಿಗೆ ಕಾಸು ಕೇಳಿದ್ರಲ್ಲ. ಅದನ್ನ ಹೆಂಗ್ ಬಿಡ್ಲಿ?"

ಗಾಡಿ ಬರುವ ಗಂಟೆ ಹೊಡೆಯಿತು. ಆಕೆ ಬಕೆಟ್ಟು ಎತ್ತಿಕೊಂಡು ಹೋದಳು. ಅವನು ಗಾಡಿ ಬಂದು ಹೋಗುವವರೆಗೂ ಅಲ್ಲೇ ನಿಂತಿದ್ದು ಮೋಟರ್‌ಸೈಕಲ್ ಹತ್ತಿದ.

ಫೆಬ್ರುವರಿಯಲ್ಲಿ ಕೋರ್ಟು ಸ್ಥಳ ನೋಡಿ ವರದಿ ಕೊಡಲು ಒಬ್ಬ ಕಮಿಷನರನ್ನು ನೇಮಿಸಿತು. ಪಿ.ಡಬ್ಲ್ಯು.ಡಿ.ಯಿಂದ ರಿಟೈರಾದವರು, ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸದಲ್ಲಿ ಬಹಳ ವರ್ಷ ಇದ್ದವರು. ಎರಡೂ ಕಡೆಯ ವಕೀಲರು ಬಂದರು, ಜಯದೇವಪ್ಪ ಬಂದ, ಮೇಸ್ತ್ರಿ ಲಕ್ಕಣ್ಣನನ್ನೂ ಕರೆಸಿದ್ದರು. ಬೀದಿಯವರೆಲ್ಲ ಸೇರಿದರು. ಕಮಿಷನರು ತಗಡು ತೆಗೆಸಿ, ಪಂಚೆ ಎತ್ತಿ ಕಟ್ಟಿ ತಾವೇ ಗುಂಡಿಗೆ ಇಳಿದು ಟೇಪು ಹಿಡಿದರು. ಬೇರೆ ಎರಡು ಕಡೆಯೂ ಅಗೆಸಿ ನೋಡಿದರು. ಎಲ್ಲ ಕಡೆಯೂ ಅಷ್ಟೇ. ಮೇಲೆ ಬಂದು ಲಕ್ಕಣ್ಣನಿಗೆ, ನೀನು ಎಷ್ಟು ಅಡಿ ಹಾಕಿದ್ದೆ ಎಂದು ಕೇಳಿದರು.

ಲಕ್ಕಣ್ಣ ಜಯದೇವಪ್ಪನ ಕಡೆ ನೋಡಿದ. ಆಮೇಲೆ ಗೋಡೆಯ ಸೀಳಿನ ಕಡೆ ನೋಡಿದ. ಮೇಸ್ತ್ರಿಗೆ ತನ್ನ ಗೋಡೆ ಸೀಳಿದ್ದನ್ನು ಹತ್ತು ಜನರೆದುರು ನೋಡುವುದು ಎಷ್ಟು ಕಷ್ಟವೆಂದು ಅವನ ಮುಖದಲ್ಲಿ ಕಾಣುತ್ತಿತ್ತು.

"ಎರಡೂವರೆ ಸ್ವಾಮಿ," ಎಂದ. "ಎರೆ ಐತೆ, ಸಾಲಲ್ಲ ಅಂದೆ. ಹೇಳಿದಷ್ಟು ಮಾಡು ಅಂದ್ರು."

ಕಮಿಷನರು ಅದನ್ನು ಬರೆದುಕೊಂಡರು. ಜಯದೇವಪ್ಪ ಆಮೇಲೆ ಲಕ್ಕಣ್ಣನಿಗೆ ಕೆಲಸ ಕೊಡಲಿಲ್ಲ. ಅದಕ್ಕೆ ಮೊದಲೇ ಲಕ್ಕಣ್ಣನಿಗೆ ಅವನಿಂದ ಆರು ತಿಂಗಳ ಕೂಲಿ ಬರಬೇಕಿತ್ತೆಂದು ಆಗ ಗೊತ್ತಾಯಿತು.

ತೀರ್ಪಿಗೆ ಕಾಯುತ್ತಾ ಕೂತರೆ ಮನೆ ಉಳಿಯುತ್ತಿರಲಿಲ್ಲ. ವರದಿ ಕೋರ್ಟಿಗೆ ಸೇರಿದ ಮೇಲೆ ದುರಸ್ತಿ ಮಾಡಿಕೊಳ್ಳಲು ವೆಂಕಟಸುಬ್ಬಯ್ಯನವರು ಅನುಮತಿ ತಂದುಕೊಟ್ಟರು. ಈಶ್ವರಮ್ಮ ಲಕ್ಕಣ್ಣನನ್ನೇ ಕರೆದಳು. ಇಬ್ಬರೂ ಹಿತ್ತಲಿನಲ್ಲಿ ಕೂತು ಕಡ್ಡಿಯಲ್ಲಿ ನೆಲದ ಮೇಲೆ ಗೀಚಿ ಮಾತಾಡಿದ್ದನ್ನು ನಾನು ನೋಡಿದ್ದೇನೆ. ಗೋಡೆಯ ಕೆಳಗೆ ಮೂರು ಅಡಿ ಉದ್ದಕ್ಕೆ ಗರಸಿನವರೆಗೆ ತೋಡುವುದು, ಕಲ್ಲು ಜಲ್ಲಿ ಗಾರೆ ತುಂಬಿ ಗಟ್ಟಿಯಾಗಲು ಬಿಡುವುದು. ಪಕ್ಕದ ಮೂರು ಅಡಿಯನ್ನು ಬಿಟ್ಟು ಅದರಾಚೆಯ ಮೂರು ಅಡಿ ತೋಡುವುದು. ಅವು ಗಟ್ಟಿಯಾದ ಮೇಲೆ ಬಿಟ್ಟದ್ದಕ್ಕೆ ಬರುವುದು. ಓಡುವ ಗಾಡಿಗಳ ಮಧ್ಯೆ ಲೈನು ದುರಸ್ತಿ ಮಾಡುವ ಗ್ಯಾಂಗಿನವರ ರೀತಿ ಅದು. ಕೆಲಸ ಎರಡು ಬೇಸಿಗೆ ಹಿಡಿಯಿತು. ಆಕೆ ಪ್ರತಿ ತಿಂಗಳ ಸಂಬಳದಲ್ಲಿ ಒಂದಿಷ್ಟು ಕಲ್ಲು, ಒಂದಿಷ್ಟು ಸುಣ್ಣ ಕೊಂಡಳು. ಕಲ್ಲಮ್ಮ ರಾಗಿಮುದ್ದೆ ಮಾಡಿ ಲಕ್ಕಣ್ಣನಿಗೂ ಬಡಿಸುತ್ತಿದ್ದಳು. 1981ರ ಮೇ ಹೊತ್ತಿಗೆ ಸೀಳುಗಳಿಗೆ ಗಾರೆ ಮೆತ್ತಿದರು. ಮುಂದಿನ ಬೇಸಿಗೆಯಲ್ಲಿ ಅವು ಮತ್ತೆ ಬಾಯಿ ಬಿಡಲಿಲ್ಲ.

ಇದನ್ನು ನೋಡಿ ಸಾಲಿನ ಬೇರೆ ಮನೆಯವರೂ ತಂತಮ್ಮ ಗೋಡೆಯ ಪಕ್ಕ ಅಗೆಸಿದರು. ಲಕ್ಕಣ್ಣನಿಗೆ ಆ ಬೀದಿಯಲ್ಲೇ ಮೂರು ವರ್ಷದ ಕೆಲಸ ಸಿಕ್ಕಿತು.

ತೀರ್ಪು ಬಂದದ್ದು 1982ರ ಆಗಸ್ಟಿನಲ್ಲಿ. ಜಯದೇವಪ್ಪನಿಗೆ ಸಲ್ಲಬೇಕಾದ್ದು ಮುನ್ನೂರ ಹತ್ತು ಮಾತ್ರ, ಅದು ಕೋರ್ಟಿನಲ್ಲಿ ಇದೆ. ದುರಸ್ತಿಗೆ ಅವನು ಸಾವಿರದ ಒಂಬೈನೂರು ರೂಪಾಯಿ ಮತ್ತು ಖರ್ಚು ಕೊಡಬೇಕು. ಅಸಲು ಕ್ರಯಪತ್ರವನ್ನು ತಕ್ಷಣ ಒಪ್ಪಿಸಬೇಕು. ಪತ್ರ ಒಂದು ತಿಂಗಳಲ್ಲಿ ಬಂತು. ಈಶ್ವರಮ್ಮ ಅದನ್ನು ನನ್ನ ಕೈಗೆ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಓದಿ ಎಂದಳು. ರಿಜಿಸ್ಟರ್ ದಿನ ಓದಿಸದೆ ರುಜು ಹಾಕಿದ್ದಳಂತೆ. ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ಅಳತೆ, ಸಾಕ್ಷಿಗಳ ಹೆಸರು, ಎಲ್ಲವನ್ನೂ ಓದಿದೆ. ಮಧ್ಯದಲ್ಲಿ ಟಿಕೆಟ್ ಕೇಳಲು ಜನ ಬಂದರು. ಆಕೆ ಪಕ್ಕಕ್ಕೆ ಸರಿದು ನಿಂತಿದ್ದು, ಅವರು ಹೋದ ಮೇಲೆ, ಎಲ್ಲಿ ನಿಲ್ಲಿಸಿದ್ರಿ, ಅಲ್ಲಿಂದ ಓದಿ ಎಂದಳು.

ದುಡ್ಡು ಮಾತ್ರ ಪೂರ್ತಿ ಬರಲಿಲ್ಲ. ಸಾವಿರ ಕೊಟ್ಟು ಉಳಿದದ್ದಕ್ಕೆ ಜಯದೇವಪ್ಪ ದಿನ ದೂಡಿದ. ಊರವರು, ಗೆದ್ದೆಯಲ್ಲ, ಇನ್ನು ಬಿಡು ಎಂದರು. ಆಕೆ ಬಿಡಲಿಲ್ಲ. ವಸೂಲಿಗೆ ಅರ್ಜಿ ಹಾಕಿಸಿದಳು. 1983ರ ಮಾರ್ಚಿನಲ್ಲಿ ಕೋರ್ಟಿನ ಅಮೀನ ಮೋಟರ್‌ಸೈಕಲ್ ಜಪ್ತಿ ಮಾಡಲು ಅವನ ಮನೆಗೆ ಹೋದಾಗ ಆಕೆಯೂ ಜೊತೆಗಿದ್ದಳು. ಅವನ ಹೆಂಡತಿ ವಿಶಾಲಾಕ್ಷಮ್ಮ ಹೊರಗೆ ಬಂದು ನೋಡಿ, ಒಳಗೆ ಹೋಗಿ, ಉಳಿದ ದುಡ್ಡನ್ನು ತಂದು ಎಣಿಸಿ ಕೊಟ್ಟಳಂತೆ. ಆ ಮೇಲೆ ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಳು. ಬೇಡ ಅನ್ನಲು ಮನಸ್ಸಾಗಲಿಲ್ಲ, ಕುಡಿದೆ, ಆ ಹೆಣ್ಣುಮಗಳದ್ದೇನು ತಪ್ಪು ಎಂದು ಈಶ್ವರಮ್ಮ ನನಗೆ ಹೇಳಿದಳು. ಆ ದಿನ ಆಕೆ ಗೆದ್ದವಳ ಹಾಗೆ ಕಾಣುತ್ತಿರಲಿಲ್ಲ, ದಣಿದಿದ್ದಳು.

ಅದೇ ವರ್ಷ ನನಗೆ ಕಡೂರಿಗೆ ವರ್ಗವಾಯಿತು. ಕಲ್ಲಮ್ಮ ಮರುವರ್ಷ ತೀರಿಕೊಂಡಳು. ಈಶ್ವರಮ್ಮ ಇನ್ನೂ ಕೆಲವು ವರ್ಷ ಸ್ಟೇಷನ್ನಿನಲ್ಲಿ ನೀರು ಕೊಟ್ಟಳು.

1987ರಲ್ಲಿ ನಾನು ಕಡೂರಿನಲ್ಲಿ ಮನೆ ಕಟ್ಟಿಸಲು ಹೊರಟೆ. ಕರಾರಿಗೆ ರುಜು ಹಾಕುವ ಮೊದಲು ಆಕೆಗೆ ಒಂದು ಕಾರ್ಡು ಬರೆದೆ. ಬೆಳಗಿನ ಗಾಡಿಗೆ ಬಂದಳು. ನನ್ನ ಹೆಂಡತಿ ಕಾಫಿ ಕೊಡುವಷ್ಟರಲ್ಲಿ ಕರಾರು ಓದಿಸಿಕೊಂಡು ಮೂರು ಪ್ರಶ್ನೆ ಕೇಳಿದಳು. ಪಾಯ ಎಷ್ಟಡಿ ಅಂತ ಯಾಕೆ ಬರೆದಿಲ್ಲ? ಮಧ್ಯದಲ್ಲಿ ಹೆಚ್ಚಿಗೆ ಏನಾದರೂ ಕೇಳಿದರೆ ಅದರ ಬೆಲೆಯನ್ನು ಯಾವಾಗ ಬರೆಯುತ್ತೀರಿ? ಕೊನೆಯ ಕಂತು ಯಾವ ಕೆಲಸ ಮುಗಿದ ಮೇಲೆ? ಮೂವತ್ತು ವರ್ಷ ರೈಲ್ವೆಯ ಲೆಕ್ಕ ಬರೆದ ನನಗೆ ಇವು ಹೊಳೆದೇ ಇರಲಿಲ್ಲ. ಮೂರನ್ನೂ ಬರೆಸಿದೆ. ನನ್ನ ಕಂಟ್ರಾಕ್ಟರು ಮುಖ ಸಣ್ಣದು ಮಾಡಿಕೊಂಡರೂ ರುಜು ಹಾಕಿದರು. ಈಶ್ವರಮ್ಮ ಊಟ ಮಾಡಿ, ನಮ್ಮ ಹಿತ್ತಲಿನ ನುಗ್ಗೆಯ ಒಂದು ಕೊಂಬೆಯನ್ನು ನೆಡಲು ಕೇಳಿ ಮುರಿದುಕೊಂಡು, ಮೂರು ಗಂಟೆಯ ಗಾಡಿಗೆ ಅಜ್ಜಂಪುರಕ್ಕೆ ಹೊರಟಳು.